ಮುಟ್ಟಿದರೆ ದಿಸ್, ತೋರಿಸಿದರೆ ದಟ್

ರಾಯದುರ್ಗ
6-7-2003

ಅಕ್ಕ ನರಸಮ್ಮನಿಗೆ ತಂಗಿ ಕದಿರಮ್ಮ ಕೈಮುಗಿದು ಬರೆಯುವುದು.

ನಾನೂ ಇವರೂ ಕೈಕಾಲು ಗಟ್ಟಿಯಾಗಿ ಇದ್ದೇವೆ. ನೀನು, ಭಾವ, ರೇಷ್ಮೆ ಹುಳು ಎಲ್ಲ ನೆಟ್ಟಗಿರಬೇಕೆಂದು ದಿನಾ ನೆನೆಯುತ್ತೇನೆ. ಬರೆಯಲು ನಾಚಿಕೆಯಾಗುತ್ತದೆ. ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಕಾಗದ ಅಂತ ಬರೆಯುವುದು ನಿನಗೊಬ್ಬಳಿಗೇ. ಭಾವನಿಗೆ ಓದಿ ಹೇಳುವಾಗ ತಪ್ಪುಗಳನ್ನು ನೀನೇ ತಿದ್ದಿಕೊ.

ತವುಡಿಯನ್ನು ಅಮರಾಪುರದ ಕಾನ್ವೆಂಟಿಗೆ ಸೇರಿಸಿದಿರೆಂದು ಊರಿಂದ ಬಂದ ಲಕ್ಷ್ಮೀನರಸಪ್ಪ ಹೇಳಿದ. ಟೈ ಕಟ್ಟಿಕೊಂಡು ವ್ಯಾನು ಹತ್ತುತ್ತಾಳಂತೆ. ಅಲ್ಲಿ ಬರೆಸಿದ ಹೆಸರು ಹಿಡಿದು ಸುನೀತಾ ಅಂದರೆ ಮಾತ್ರ ಹೂಂ ಅನ್ನುತ್ತಾಳಂತೆ, ತವುಡಿ ಅಂದರೆ ಮುಖ ತಿರುಗಿಸುತ್ತಾಳಂತೆ. ನಕ್ಕೆ.

ಇಲ್ಲಿ ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಹೊಲಿಗೆ ಮಿಷನ್ನಿಗೆ ಮಮತಾ ಅಂತ ಹೊಸ ಹುಡುಗಿ ಬಂದಿದ್ದಾಳೆ. ನಮ್ಮ ರೊಳ್ಳದ ಕಡೆಯವಳು. ನಿನಗೆ ಮಕ್ಕಳೆಷ್ಟು ಅಂದಳು. ನನಗಿಲ್ಲ, ನಮ್ಮಕ್ಕನಿಗೊಂದು ಹೆಣ್ಣಿದೆ ಅಂದೆ. ಬಾಯಿಗೆ ಅದೇ ಬರುತ್ತದೆ. ಊಟದ ಹೊತ್ತಿಗೆ ಮನಸ್ಸು ತಡೆಯಲಿಲ್ಲ, ಅವಳಿಗೆ ನಿಜ ಹೇಳಿದೆ. ಮೊದಲ ಗಂಡುಮಗು ಬಾಣಂತಿಯ ಕೋಣೆಯಲ್ಲೇ ಹೋದದ್ದು, ಇವಳು ಹುಟ್ಟಿದಾಗ ಸಾವಿನ ಕಣ್ಣು ತಪ್ಪಿಸಲು ಜುಂಜಮ್ಮಜ್ಜಿ ಹೊಸ್ತಿಲ ಮೇಲೆ ಮಲಗಿಸಿ ನಿನಗೆ ಮಾರಿಸಿದ್ದು, ನೀನು ಒಂದು ಮೊರ ರಾಗಿ ತವುಡು ಕೊಟ್ಟು ಎತ್ತಿಕೊಂಡದ್ದು, ಅದಕ್ಕೇ ತವುಡಿ ಅಂತ ಹೆಸರಾದದ್ದು. ಐದು ತುಂಬುವವರೆಗೆ ನಾನು ಬಾಯಿ ತಪ್ಪಿಯೂ ನನ್ನ ಮಗಳು ಅನ್ನಬಾರದು, ಐದು ತುಂಬಿದ ಮೇಲೆ ಮೊರದ ತುಂಬ ತವುಡು, ಅದರ ಮೇಲೊಂದು ಹಿಡಿ ಹಾಕಿ ನಿನಗೆ ಕೊಟ್ಟು ಬಿಡಿಸಿಕೊಳ್ಳಬೇಕು ಅಂತ ಅಜ್ಜಿ ಹೇಳಿದ್ದು. ಮಮತಾ ತಮ್ಮೂರಲ್ಲೂ ಉಂಟು ಅಂದಳು. ಅವರ ಮಾವನ ಹೆಸರೇ ತವುಡಪ್ಪನಂತೆ.

ಸಂಕ್ರಾಂತಿಗೆ ಐದು ತುಂಬುತ್ತದೆ. ಆಗ ಬರುತ್ತೇನೆ. ಗೋಡೌನಿನ ಮೂಲೆ ಬಿಟ್ಟು ಕೋಟೆ ಕಡೆ ಕಿಟಕಿ ಇರುವ ರೂಮು ಹಿಡಿದಿದ್ದೇವೆ. ಬಾಡಿಗೆಗೆ ಕೊಟ್ಟ ಮನೆಯವರ ಒಂದು ಎಮ್ಮೆಯೂ ಇದೆ, ಹಾಲಿಗೆ ತೊಂದರೆ ಇಲ್ಲ.

ಇಂಗ್ಲಿಷ್ ಏನೇನು ಕಲಿತಳು, ಬರೆ. ನನಗೂ ಎರಡು ಮಾತು ಬರುತ್ತವೆ. ನಮ್ಮ ಚೆಕ್ಕರ್ ಚಂದ್ರಮೋಹನ್ ಹೊಲಿದ ಪ್ಯಾಂಟು ಜಗ್ಗಿ ನೋಡಿ, ಪಾಸಾದರೆ ತೊಡೆ ಮೇಲೆ ಇಟ್ಟುಕೊಂಡು ದಿಸ್ ಅನ್ನುತ್ತಾನೆ. ಆಗದಿದ್ದರೆ ಮೂಲೆಗೆ ಎಸೆದು ದಟ್ ಅನ್ನುತ್ತಾನೆ. "ದಿಸ್ ಓಕೆ, ದಟ್ ರಿಜೆಕ್ಟು. ಬಿಚ್ಚಿ ಹೊಲೀರಿ." ಅವನ ಬಾಯಲ್ಲಿ ಇಷ್ಟೇ ಇಂಗ್ಲಿಷ್ ಇರುವುದು ಅಂತ ಮಮತಾ ಅನ್ನುತ್ತಾಳೆ.

ನಿನ್ನ ತಂಗಿ
ಕದಿರಮ್ಮ


ಅಮರಾಪುರ ಮಂಡಲ
3-8-2003

ಕದಿರಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ಹುಳು ಪೊರೆ ಬಿಡುವ ನಾಲ್ಕನೇ ಜ್ವರಕ್ಕೆ ಮಲಗಿದ್ದವು, ಈಗ ಗೂಡು ಬಿಡಿಸಿದ್ದಾಯಿತು. ಅದಕ್ಕೇ ತಡ. ಓದಿ ಹೇಳಿದರೆ ನಿಮ್ಮ ಭಾವ, "ಕದಿರಿ ಮಾತೆಲ್ಲ ಬಳ್ಳಾರಿ ಕಡೆಗೆ ಹೋಗೈತೆ ಅಂದ್ಕಂಡಿದ್ದೆ, ಬರವಣಿಗೆ ನಮ್ಮೂರದೇ ಐತೆ" ಅಂದರು.

ನಿನ್ನ ಚೆಕ್ಕರ್ ಹೇಳುವ ಆ ಎರಡು ಮಾತೇ ಇಲ್ಲಿಯೂ ಮನೆ ತುಂಬಿವೆ. ಲಲಿತಾ ಟೀಚರ್ ಹೇಳಿಕೊಟ್ಟಿದ್ದಾರೆ: ಮುಟ್ಟೋಕೆ ಸಿಕ್ಕಿದರೆ ದಿಸ್, ಸಿಗದೆ ಬೆರಳಲ್ಲಿ ತೋರಿಸಬೇಕಾದರೆ ದಟ್. ವ್ಯಾನಿಂದ ಇಳಿದವಳು ಚೀಲ ಬಿಸಾಕಿ ಎಲ್ಲವನ್ನೂ ಮುಟ್ಟಿಕೊಂಡು ಓಡಾಡುತ್ತಾಳೆ. ದಿಸ್ ಈಸ್ ಚೊಂಬು. ದಿಸ್ ಈಸ್ ಮೊರ. ಕೋಳಿ ಹಿಡಿಯಲು ಹೋದಳು, ಅದು ಹಾರಿ ಬೇಲಿಯಾಚೆ ಬಿತ್ತು. "ದೊಡ್ಡಮ್ಮ, ಕೋಳಿ ದಿಸ್ ಆಗಿತ್ತು, ಓಡೋಗಿ ದಟ್ ಆಗೋಯ್ತು" ಅಂತ ಅತ್ತಳು. ನಿಮ್ಮ ಭಾವ, "ಮಳೇನೂ ಹಂಗೇ ಕಣಮ್ಮಿ, ಶಿರಾದೋರಿಗೆ ದಿಸ್ಸು, ನಮಗೆ ದಟ್ಟು" ಅಂದು ನಗಿಸಿದರು.

ಮೊನ್ನೆ ನಾನು ಸೊಪ್ಪು ಹೆಚ್ಚುತ್ತಿದ್ದೆ. ಹಿಂದಿನಿಂದ ಬಂದು ಕುತ್ತಿಗೆ ತಬ್ಬಿಕೊಂಡು, ದಿಸ್ ಈಸ್ ಮೈ ಮದರ್ ಅಂದಳು. ನಾನು ಮದರ್ ಅಲ್ಲ ಕಣೆ, ದೊಡ್ಡಮ್ಮ ಅಂದೆ. ಮಾರನೇ ದಿನ ಟೀಚರನ್ನು ಕೇಳಿಕೊಂಡು ಬಂದಳು. ಇಂಗ್ಲಿಷಿನಲ್ಲಿ ದೊಡ್ಡಮ್ಮ ಅನ್ನುವುದಕ್ಕೆ ಬೇರೆ ಮಾತಿಲ್ಲವಂತೆ. ಆಂಟಿ ಅನ್ನಬೇಕಂತೆ. ಕಾನ್ವೆಂಟಿನ ಮುಂದೆ ಐಸ್ ಮಾರುವವಳಿಗೂ ಮಕ್ಕಳು ಆಂಟಿ ಅನ್ನುತ್ತವೆ. ನನಗೆ ಹಿಡಿಸಲಿಲ್ಲ. ಮದರ್ ಅಂದರೆ ಅನ್ನಲಿ ಬಿಡು ಅಂತ ಸುಮ್ಮನಾದೆ. ನೀನು ತಪ್ಪು ತಿಳಿಯಬೇಡ.

ನಿನ್ನ ಫೋಟೊ ತೋರಿಸುತ್ತೇನೆ. ತೊಲೆಯ ಹತ್ತಿರ ಹಾಕಿದೆಯಲ್ಲ, ಕೈಗೆ ಎಟಕುವುದಿಲ್ಲ. ಬೆರಳು ಮಾಡಿ ದಟ್ ಅನ್ನುತ್ತಾಳೆ. ಟೀಚರ್ ಹೇಳಿಕೊಟ್ಟ ಹಾಗೇ.

ನಿನ್ನ ಅಕ್ಕ
ನರಸಮ್ಮ


ರಾಯದುರ್ಗ
14-9-2003

ಅಕ್ಕನಿಗೆ ನಮಸ್ಕಾರ.

ಫೋಟೊ ಕೆಳಗೆ ಹಾಕು. ಅವಳ ಕೈಗೆ ಎಟಕುವ ಹಾಗೆ. ಭಾವನಿಗೆ ಹೇಳಿದರೆ ಒಂದು ಮೊಳೆ ಹೊಡೆದುಕೊಡುತ್ತಾರೆ. ಗಾಜು ಒಡೆದರೂ ಚಿಂತೆಯಿಲ್ಲ, ಬೇರೆ ಹಾಕಿಸುತ್ತೇನೆ.

ಬೇರೇನೂ ಬರೆಯಲು ತೋಚುತ್ತಿಲ್ಲ. ದಸರೆಗೆ ಬರಬೇಕೆಂದಿದ್ದೆ, ರಜೆ ಕೊಡಲಿಲ್ಲ. ಹಬ್ಬಕ್ಕೆ ಮುಂಚೆ ಮಾಲು ಬಳ್ಳಾರಿಗೆ ಹೋಗಬೇಕಂತೆ. ಈಗ ಕಪ್ಪಗಿನ ಗಟ್ಟಿ ನೀಲಿ ಬಟ್ಟೆ ಬಂದಿದೆ. ತೊಳೆಯುವುದಕ್ಕೆ ಮುಂಚೆ ಹೊಲಿಯುವುದರಿಂದ ಬಣ್ಣವೆಲ್ಲ ನಮ್ಮ ಕೈಗೇ. ಉಗುರಿನ ಸಂದಿನಲ್ಲಿ ಕೂತರೆ ಹುಣಸೆಹಣ್ಣು ತಿಕ್ಕಿದರೂ ಹೋಗುವುದಿಲ್ಲ. ಮುದ್ದೆ ಮುರಿದರೆ ಮುದ್ದೆಗೂ ನೀಲಿ. ಇವರು ಪ್ಯಾಂಟು ತೊಳೆಯುವ ಕಡೆ ಇದ್ದಾರೆ, ಇವರಿಗೆ ಮೊಣಕೈವರೆಗೂ.

ಅವಳಿಗೆ ಕನ್ನಡ ಅಕ್ಷರ ಹೇಳಿಕೊಡುತ್ತಾರಾ? ಆಂಧ್ರದ ಕಾನ್ವೆಂಟು, ಇಂಗ್ಲಿಷು, ತೆಲುಗು ಎರಡೇ ಅಂತ ಲಕ್ಷ್ಮೀನರಸಪ್ಪ ಹೇಳಿದ. ಹಾಗಾದರೆ ದೊಡ್ಡವಳಾದರೂ ನನ್ನ ಕಾಗದ ಓದಲು ಅವಳಿಗೆ ಬರುವುದಿಲ್ಲ. ಬಿಡುವಾದಾಗ ನೀನೇ ಅ ಆ ತಿದ್ದಿಸು.

ದೊಡ್ಡಮ್ಮ ಅಂತಲೇ ಅನ್ನಿಸು ಅಕ್ಕ. ಅದು ಸಣ್ಣ ಮಾತಲ್ಲ.

ನಿನ್ನ ತಂಗಿ
ಕದಿರಮ್ಮ


ಅಮರಾಪುರ ಮಂಡಲ
20-10-2003

ಕದಿರಿಗೆ ಅಕ್ಕನ ಆಶೀರ್ವಾದ.

ಫೋಟೊದ ವಿಷಯ. ಹೊಸ ಹುಳು ತರುವುದಕ್ಕೆ ಮುಂಚೆ ಮನೆಗೆಲ್ಲ ಸುಣ್ಣ ಹೊಡೆದು ಔಷಧಿ ಸಿಂಪಡಿಸಿದೆವು. ಗೋಡೆಯ ಮೇಲಿನದೆಲ್ಲ ಇಳಿಸಿದೆ. ನಿನ್ನದನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಈಗ ಗೋಡೆಗೆ ಹುಳು ಸಾಕುವ ತಟ್ಟೆಗಳನ್ನು ಆನಿಸಿದ್ದೇವೆ, ಜಾಗವಿಲ್ಲ. ಗೂಡಾದ ಮೇಲೆ ನೋಡೋಣ.

ಮೊನ್ನೆ ಇವಳಿಗೆ ಜ್ವರ ಬಂದು ಮೈ ಕೆಂಡವಾಗಿತ್ತು. ಮಡಕಶಿರಾ ಆಸ್ಪತ್ರೆಗೆ ಭಾವ ಮೋಟರ್ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದರು, ನಾನು ಹಿಂದೆ ಕೂತು ಇವಳನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದೆ. ಡಾಕ್ಟರು ತಾಯಿ ಯಾರು ಅಂದರು. ನಾನು ಅಂದೆ. ಅಲ್ಲಿ ತವುಡಿನ ಕತೆ ಹೇಳುತ್ತ ಕೂರಲಾಗುತ್ತದೆಯೇ? ಈಗ ವಾಸಿ. ಇಡ್ಲಿ ಬೇಕು ಅಂತ ಹಟ ಮಾಡುತ್ತಾಳೆ.

ನೀನು ಬಂದು ಒಂದೂವರೆ ವರ್ಷವಾಯಿತು. ಹೋದ ಸಲ ಬಂದಾಗ ಅವಳು ನಿನ್ನ ಮಡಿಲಿಗೆ ಬರಲು ಎರಡು ದಿನ ತೆಗೆದುಕೊಂಡಳು, ಮೂರನೇ ದಿನ ನೀನು ಬಸ್ಸು ಹತ್ತಿದೆ. ಆಮೇಲೆ ಅವಳನ್ನು ಸುಧಾರಿಸಿದ್ದು ನಾನು. ಇದನ್ನು ದೂರೆಂದು ಬರೆಯುತ್ತಿಲ್ಲ.

ಕನ್ನಡ ಅಕ್ಷರ ಕಲಿತು ಇವಳು ಮಾಡುವುದೇನು? ನಾವು ಕಲಿತು ಏನಾದೆವು? ನಾನು ಹುಳುವಿಗೆ ಸೊಪ್ಪು ಹೆಚ್ಚುತ್ತೇನೆ, ನೀನು ಪ್ಯಾಂಟಿಗೆ ಜೇಬು ಹೊಲಿಯುತ್ತೀಯ.

ಸಂಕ್ರಾಂತಿಯ ಮಾತು ಆಮೇಲೆ ಆಡೋಣ. ಅವಳ ಪರೀಕ್ಷೆಗೆ ಅಡ್ಡಿಯಾಗಬಾರದು.

ನಿನ್ನ ಅಕ್ಕ
ನರಸಮ್ಮ


ರಾಯದುರ್ಗ
25-1-2004

ಅಕ್ಕನಿಗೆ,

ಸಂಕ್ರಾಂತಿಗೆ ನಿಮ್ಮಲ್ಲಿಗೆ ಬಂದು ಹತ್ತು ದಿನವಾಯಿತು. ನಿಮ್ಮ ಅಂಗಳದಲ್ಲಿ ನನಗೆ ಬಾಯಿ ಬರಲಿಲ್ಲ. ನಾನು ಮೊದಲಿನಿಂದ ಹಾಗೇ, ನಾಲ್ಕು ಜನ ನಿಂತರೆ ನಾಲಿಗೆ ಒಳಗೆ ಹೋಗುತ್ತದೆ. ಅದಕ್ಕೆ ಬರೆಯುತ್ತೇನೆ. ನೀನು ಕಂಡದ್ದನ್ನೇ ಬರೆಯುತ್ತೇನೆ, ನಾನು ನಿಂತಿದ್ದ ಕಡೆಯಿಂದ.

ತವುಡು ಹುಡುಕಿಕೊಂಡು ಒಂದು ತಿಂಗಳು ಅಲೆದೆ. ಈ ಕಡೆ ಜೋಳ, ಸಜ್ಜೆ. ರಾಗಿಯನ್ನು ಕೇಳುವವರಿಲ್ಲ. ಕೊನೆಗೆ ಡಿ. ಹಿರೇಹಾಳಿನಿಂದ ನಮ್ಮ ಅತ್ತೆ ಉಜ್ಜಿನಮ್ಮ ಮಿಲ್ಲಿನ ಅಕ್ಕಿ ತವುಡು ತಂದುಕೊಟ್ಟರು. ರಾಗೀದಲ್ಲವಲ್ಲ ಅತ್ತೆ ಅಂದೆ. "ತೌಡು ತೌಡೇ ಅಲ್ಲೇನವಾ, ಸಾವಿಗೇನ್ ರುಚಿ ಗೊತ್ತಾಕೈತಿ? ಹೋಗಿ ಕೂಸಿನ್ನ ಕರಕೊಂಡ್ ಬಾ" ಅಂದರು. ಜರಡಿ ಹಿಡಿದು, ಕಲ್ಲು ಆರಿಸಿ, ಹೊಸ ಬಟ್ಟೆಯಲ್ಲಿ ಕಟ್ಟಿಕೊಂಡೆ. ಮೂರು ಬಸ್ಸು ಬದಲಾಯಿಸಿದೆ. ಎಲ್ಲೂ ಗಂಟನ್ನು ಕೆಳಗಿಡಲಿಲ್ಲ.

ನೀನು ಮೊರ ತಂದು ಇಟ್ಟೆ. ನಾನು ಸುರಿದೆ, ಮೇಲೊಂದು ಹಿಡಿ ಹಾಕಿದೆ. ನೀನು ಬೆರಳಲ್ಲಿ ತಿಕ್ಕಿ ನೋಡಿದೆ.

"ಏನೇ ಇದು?"

"ತವುಡು ಅಕ್ಕ."

"ಯಾವ ತವುಡು?"

"ಅಕ್ಕಿದು. ಅಲ್ಲಿ ರಾಗೀದು ಸಿಗಲ್ಲ."

"ನಾನು ಕೊಟ್ಟಿದ್ದು ರಾಗಿ ತವುಡು ಕಣೆ. ಯಾವುದು ತಗಂಡ್ಯೋ ಅದನ್ನೇ ವಾಪಸ್ ಕೊಡಬೇಕು. ಇದನ್ನ ಹೆಂಗೆ ಇಸ್ಕಣಾನ? ನಾಳೆ ಮಗೀಗೆ ಏನಾದ್ರೂ ಆದ್ರೆ ಯಾರ ತಲೆ ಮ್ಯಾಲೆ?"

ಪಕ್ಕದ ಮನೆ ಮೂಕಮ್ಮ ಗೋಡೆಯ ಮೇಲಿಂದ, "ಏನಮ್ಮಿ ಕದಿರಿ, ಎಮ್ಮೆ ಬಿಡಿಸ್ಕಳಾಕೆ ಬಂದ್ಯಾ?" ಅಂದಳು. ಎಲ್ಲರೂ ನಕ್ಕರು. ಭಾವ ಒಬ್ಬರೇ, "ಮೊದಲು ಬಂದವಳಿಗೆ ನೀರು ಕೊಡ್ರೇ" ಅಂದರು.

ಮಗುವನ್ನು ಎತ್ತಿಕೊಂಡು ಓಡಿಬಿಡಬಹುದಿತ್ತು. ಹೆತ್ತವಳು ನಾನು, ಯಾರು ಹಿಡಿಯುತ್ತಿದ್ದರು? ಆದರೆ ನಾಳೆ ಏನಾದರೂ ಆದರೆ ಅಂದೆಯಲ್ಲ, ಅಲ್ಲಿಗೆ ನನ್ನ ಕೈ ಇಳಿಯಿತು. ಮೊದಲನೆಯದರ ಮುಖ ಕಣ್ಣಿಗೆ ಬಂತು. ಇಳಿಯುತ್ತದೆ ಅಂತ ನಿನಗೆ ಗೊತ್ತಿತ್ತು. ಆ ಕೋಣೆಯಲ್ಲಿ ಅವತ್ತು ನನ್ನ ಜೊತೆ ಇದ್ದವಳು ನೀನೊಬ್ಬಳೇ.

ಆಮೇಲೆ ಮೂಕಮ್ಮ ಅವಳನ್ನು ಕೇಳಿದಳು. "ನಿಮ್ಮಮ್ಮ ಯಾರೇ ತವುಡಿ? ಇಂಗ್ಲಿಷಲ್ಲಿ ಹೇಳು ನೋಡಾನ." ಅವಳು ನಿನ್ನ ಸೆರಗು ಹಿಡಿದು, ದಿಸ್ ಈಸ್ ಮೈ ಮದರ್ ಅಂದಳು. ಆಮೇಲೆ ನನ್ನ ಕಡೆ ಬೆರಳು ಮಾಡಿ, ದಟ್ ಈಸ್ ಮೈ ಮದರ್ ಅಂದಳು. ಎರಡೂ ಸರಿಯಾಗಿ ಹೇಳಿದೆ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ನಾನು ಎರಡು ಹೆಜ್ಜೆ ಮುಂದೆ ಬಂದೆ. ನಿನಗೆ ಯಾಕೆಂದು ತಿಳಿಯಲಿಲ್ಲವೇನೋ. ಹತ್ತಿರ ಹೋಗಿ ನಿಂತರೆ ನನಗೂ ದಿಸ್ ಅನ್ನುತ್ತಾಳೆ ಅಂದುಕೊಂಡೆ. ಕೈ ಚಾಚಿದೆ. ಅವಳು ಹಿಂದೆ ಸರಿದಳು. "ದೊಡ್ಡಮ್ಮ, ಅದರ ಕೈ ನೀಲಿ ಐತೆ" ಅಂದಳು.

ಆಗ ನೀನು ಒಂದು ಮಾತು ಹೇಳಬಹುದಿತ್ತು. ಅದು ಬಣ್ಣ ಕಣೆ, ಹೋಗು ಅಂತ. ನಾನು ನಿನ್ನ ಬಾಯಿಯನ್ನೇ ನೋಡುತ್ತಿದ್ದೆ. ನೀನು ಮೊರದ ತವುಡನ್ನು ಬಟ್ಟೆಗೆ ಸುರಿದು ಗಂಟು ಕಟ್ಟುತ್ತಿದ್ದೆ.

ಈ ಸಾಲಿನ ಮೇಲೆ ಏನೋ ಬರೆದು ಹೊಡೆದುಹಾಕಿದ್ದೇನೆ. ಅಜ್ಜಿ ಅನ್ನಬಾರದು ಅಂದಿದ್ದ ಮಾತು. ತವುಡು ಸಲ್ಲಲಿಲ್ಲವಲ್ಲ, ಬರೆದ ಮೇಲೆ ಭಯವಾಯಿತು. ಬೆಳಕಿಗೆ ಹಿಡಿದು ಓದಬೇಡ.

ಕದಿರಮ್ಮ


ಅಮರಾಪುರ ಮಂಡಲ
22-2-2004

ಕದಿರಿಗೆ,

ಬೆಳಕಿಗೆ ಹಿಡಿದು ಓದಿದೆ.

ನಾನು ಕದ್ದವಳಲ್ಲ. ನೀವೇ ಹೊಸ್ತಿಲ ಮೇಲೆ ಮಲಗಿಸಿದಿರಿ, ಎತ್ತಿಕೊ ಅಂದಿರಿ. ಸುಮ್ಮನೆ ಶಾಸ್ತ್ರ ಅಂದಿರಿ. ನನ್ನನ್ನು ಯಾರೂ ಕೇಳಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದವಳ ಕೈಗೆ ಮಗು ಕೊಟ್ಟು, ಇದು ನಿನ್ನದು, ಆದರೆ ಶಾಸ್ತ್ರಕ್ಕೆ ಮಾತ್ರ ಅಂದರೆ, ಆ ಕೈ ಶಾಸ್ತ್ರಕ್ಕೆ ಮಾತ್ರ ಹೇಗೆ ಹಿಡಿಯುತ್ತದೆ? ನಿನಗೆ ಒಂದು ಹೋಯಿತು. ಅದಕ್ಕೆ ಊರೇ ಅತ್ತಿತು. ನನಗೆ ಹೋಗುವುದಕ್ಕೂ ಒಂದು ಬರಲಿಲ್ಲ, ನನ್ನ ಜೊತೆ ಅಳುವುದಕ್ಕೆ ಯಾರಿಗೂ ಏನೂ ಇರಲಿಲ್ಲ.

ನೀನು ರಾಗಿ ತವುಡು ತಂದಿದ್ದರೆ ನಾನು ಅದು ಹಳೇದು ಅನ್ನುತ್ತಿದ್ದೆ. ಹೊಸದು ತಂದಿದ್ದರೆ ಮೊರ ಸಣ್ಣದು ಅನ್ನುತ್ತಿದ್ದೆ. ನಿನಗೂ ಇದು ಗೊತ್ತು. ಸುಮ್ಮನೆ ಮೂರು ಬಸ್ಸು ಹತ್ತಬೇಡ.

ನೀಲಿ ಕೈಯ ಮಾತು. ಅವತ್ತು ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಷ್ಟೆ.

ನಿಮ್ಮ ಭಾವ ನನ್ನೊಡನೆ ಮಾತು ಬಿಟ್ಟಿದ್ದಾರೆ. ಮಗುವಿನೊಡನೆ ಆಡುತ್ತಾರೆ.

ನರಸಮ್ಮ


ರಾಯದುರ್ಗ
9-5-2004

ಅಕ್ಕನಿಗೆ,

ಜಗಳಕ್ಕೆ ಬರೆಯುತ್ತಿಲ್ಲ. ಇವರ ಹತ್ತಿರ ಹೇಳಿದೆ. "ಆಕಿ ಅಲ್ಲೇ ಚಲೋ ಅದಾಳ ಬಿಡು, ಇಲ್ಲಿ ಬಂದು ಬಣ್ಣದ ನೀರು ಕುಡೀಬೇಕೇನು? ಯಾಕ ಸುಮ್ಮನ ಸಂಕಟ ಮಾಡ್ಕೊಂತಿ" ಅಂದರು. ಇವರು ಹೆದರುತ್ತಾರೆ. ಹೆದರಿಕೆಗೆ ಬುದ್ಧಿಮಾತಿನ ಅಂಗಿ ತೊಡಿಸುತ್ತಾರೆ.

ಲಕ್ಷ್ಮೀನರಸಪ್ಪನ ಕೈಯಲ್ಲಿ ಒಂದು ಫ್ರಾಕು ಕಳಿಸಿದ್ದೇನೆ. ಕತ್ತರಿಸಿ ಉಳಿದ ಜೀನ್ಸ್ ತುಂಡುಗಳನ್ನು ಚಂದ್ರಮೋಹನನ ಹತ್ತಿರ ಕೇಳಿ ತೆಗೆದುಕೊಂಡು, ಊಟದ ಹೊತ್ತಿನಲ್ಲಿ ಹೊಲಿದೆ. ಐದು ಸಲ ತೊಳೆದಿದ್ದೇನೆ, ಬಣ್ಣ ಹತ್ತುವುದಿಲ್ಲ, ಹೆದರಬೇಡ ಅಂತ ಹೇಳು. ಚೆಕ್ಕರ್ ಅದನ್ನೂ ಜಗ್ಗಿ ನೋಡಿ ತೊಡೆ ಮೇಲೆ ಇಟ್ಟುಕೊಂಡು, "ದಿಸ್ ಎಕ್ಸ್‌ಪೋರ್ಟ್ ಕ್ವಾಲಿಟಿ ಕದಿರಮ್ಮ, ನಮ್ಮ ಓನರ್ ಮಗಳಿಗೂ ಇಂಥದ್ದಿಲ್ಲ" ಅಂದ.

ಕುತ್ತಿಗೆಯ ಹಿಂದೆ, ಒಳಗಡೆ, ಒಂದು ಲೇಬಲ್ ಹೊಲಿದಿದ್ದೇನೆ. ಪ್ಯಾಂಟುಗಳಿಗೆ ಕಂಪನಿ ಹೆಸರು ಹಾಕುವ ಜಾಗ. ಅಲ್ಲಿ ಕೆಂಪು ದಾರದಿಂದ ಅಮ್ಮ ಅಂತ ಕನ್ನಡದಲ್ಲಿ ಹೊಲಿದೆ. ಅವಳಿಗೆ ಓದಲು ಬರುವುದಿಲ್ಲ. ನೀನು ಓದಿ ಹೇಳಬೇಕಾಗಿಯೂ ಇಲ್ಲ. ಹಾಕಿಕೊಂಡಾಗಲೆಲ್ಲ ಮೈಗೆ ಮುಟ್ಟುತ್ತಿರುತ್ತದೆ, ಅಷ್ಟೇ ಸಾಕು.

ಇನ್ನೊಂದು. ಮಮತಾ ಊರಿಗೆ ಹೋಗಿ ಬರುವಾಗ ರೊಳ್ಳದಿಂದ ರಾಗಿ ತವುಡು ತಂದಿದ್ದಾಳೆ. ಈ ಸಲದ್ದೇ, ಒಂದೂವರೆ ಮೊರ ಆಗುತ್ತದೆ. ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ. ಬೇಡ ಅಂತ ನೀನು ಬರೆದಿದ್ದೀಯ, ಮರೆತಿಲ್ಲ. ಆದರೂ ಇಟ್ಟಿದ್ದೇನೆ.

ಕದಿರಮ್ಮ


ಅಮರಾಪುರ ಮಂಡಲ
6-6-2004

ಕದಿರಿಗೆ,

ಫ್ರಾಕು ಸೇರಿತು. ಅಳತೆ ಸರಿಯಾಗಿದೆ. ಕಾನ್ವೆಂಟು ತೆರೆದ ದಿನ ಹಾಕಿಕೊಂಡು ಹೋಗಿ ಟೀಚರಿಗೆಲ್ಲ ತೋರಿಸಿದಳು.

ಲೇಬಲ್ ಕುತ್ತಿಗೆಗೆ ಚುಚ್ಚುತ್ತದೆ ಅಂತ ಅತ್ತಳು. ಚರ್ಮ ಕೆಂಪಗಾಗಿತ್ತು. ಬ್ಲೇಡಿನಲ್ಲಿ ಬಿಚ್ಚಿದೆ. ಬಟ್ಟೆಗೆ ಏನೂ ಆಗಿಲ್ಲ. ಬಿಸಾಕಲು ಮನಸ್ಸಾಗಲಿಲ್ಲ, ಈ ಕಾಗದದೊಳಗೆ ಇಟ್ಟಿದ್ದೇನೆ.

ನರಸಮ್ಮ


ರಾಯದುರ್ಗ
4-7-2004

ಅಕ್ಕನಿಗೆ,

ಲೇಬಲ್ ಸಿಕ್ಕಿತು. ದಾರ ಗಟ್ಟಿಯಾಯಿತು, ನನ್ನದೇ ತಪ್ಪು. ಮಗುವಿನ ಬಟ್ಟೆಗೆ ಪ್ಯಾಂಟಿನ ದಾರ ಹಾಕಬಾರದು.

ಹೋದ ಭಾನುವಾರ ತವುಡಿನ ಗಂಟು ಹಿಡಿದು ಬಸ್‌ಸ್ಟ್ಯಾಂಡಿನವರೆಗೂ ಹೋದೆ. ಕಲ್ಯಾಣದುರ್ಗದ ಬಸ್ಸು ಬಂತು. ಕಂಡಕ್ಟರ್, "ಹತ್ತಮ್ಮಾ, ಗಂಟು ಮ್ಯಾಲೆ ಹಾಕು" ಅಂದ. ಕಿಟಕಿಯಲ್ಲಿ ಒಂದು ಹುಡುಗಿ ತಾಯಿಯ ಮಡಿಲಿನಲ್ಲಿ ಮಲಗಿತ್ತು. ಬಾಯಿ ತೆರೆದುಕೊಂಡು, ಲೋಕದ ಎಚ್ಚರವಿಲ್ಲದೆ. ಅದನ್ನು ಅಲ್ಲಿಂದ ಎತ್ತಿದರೆ ಹೇಗೆ ಚೀರುತ್ತದೆ ಅಂತ ಯೋಚನೆ ಬಂತು. ಬಸ್ಸು ಹೊರಟಿತು. ನಾನು ಹತ್ತಲಿಲ್ಲ.

ತವುಡನ್ನು ಬಾಡಿಗೆ ಮನೆಯವರ ಎಮ್ಮೆಗೆ ಹಾಕಿದೆ. ತಿಂದಿತು. ಮೂಕಮ್ಮನಿಗೆ ಹೇಳು, ಅವತ್ತು ಎಮ್ಮೆ ಅಂದ ಅವಳ ಮಾತು ಸುಳ್ಳಾಗಲಿಲ್ಲ.

ಫೋಟೊ ಪೆಟ್ಟಿಗೆಯಲ್ಲೇ ಇರಲಿ. ಇನ್ನು ಯಾರಾದರೂ ಕೇಳಿದರೆ ನಾನೂ ಮೊದಲಿನ ಹಾಗೇ, ನನಗಿಲ್ಲ, ಅಕ್ಕನಿಗೊಂದಿದೆ ಅನ್ನುತ್ತೇನೆ. ಐದು ವರ್ಷ ಅಂದು ಅಭ್ಯಾಸವಾಗಿದೆ. ಅವಳು ಬದುಕಿರಲಿ ಅಂತಲೇ ಅಲ್ಲವೇ ಅಂದದ್ದು. ಬದುಕಿದ್ದಾಳೆ.

ದಿಸ್ ಅನ್ನಿಸಿಕೊಂಡವಳು ನೀನು. ಜ್ವರ ಬಂದರೆ ನನಗೆ ಬರೆಯಬೇಡ, ಹತ್ತಿರವಿದ್ದವರು ನೋಡಿಕೊಂಡರೆ ಸಾಕು.

ದೊಡ್ಡಮ್ಮನಿಗೆ ಇಂಗ್ಲಿಷಿನಲ್ಲಿ ಬೇರೆ ಮಾತಿಲ್ಲ, ಆಂಟಿ ಅನ್ನಬೇಕು ಅಂತ ನೀನು ಬರೆದಿದ್ದೆ. ಚಿಕ್ಕಮ್ಮನಿಗೂ ಅದೇ ಮಾತಂತೆ, ಚಂದ್ರಮೋಹನನನ್ನು ಕೇಳಿದೆ. ನಿನಗೆ ಹಿಡಿಸದೆ ಬಿಟ್ಟ ಮಾತು ಇನ್ನೂ ಹಾಗೇ ಬಿದ್ದಿದೆ. ನಾನು ಎತ್ತಿಕೊಳ್ಳುತ್ತೇನೆ.

ಸುನೀತಳ ಆಂಟಿ
ಕದಿರಮ್ಮ